ಪಿ. ಮುರಳಿಯ ಹೋಲ್ಡಾಲ್

ನಾನು ಜಿಪುಣನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಹೆಂಡತಿ ಮಾನಮ್ಮ ಊರಿಗೆಲ್ಲ ಬೇರೆಯದನ್ನೇ ಹೇಳಿಕೊಂಡು ಬಂದಿದ್ದಾಳೆ. ಖರ್ಚು ಮಾಡಲು ನನಗೇನೂ ಬೇಸರವಿಲ್ಲ. ಆದರೆ ರೈಲಿನಲ್ಲಿ ಮಲಗುವುದಕ್ಕೆ ಬೇರೆ ದುಡ್ಡು ಕೊಡಬೇಕೆಂಬ ನಿಯಮ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ನಿದ್ದೆ ನಮ್ಮದು, ಬೆನ್ನು ನಮ್ಮದು, ಅದಕ್ಕೆ ಅವರದೇನು ಚಾರ್ಜು? ಯಾದಗಿರಿ ಕಡೆಯಿಂದ ಬಂದು ಹಲಸೂರಿನ ಒಂದು ವಠಾರದಲ್ಲಿ ಕೋಣೆ ಹಿಡಿದು, ಕೆ.ಆರ್. ಪುರಂನ ಗೋಡೌನೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ನಾನು ಎರಡು ತಿಂಗಳಿಗೊಮ್ಮೆ ಊರಿಗೆ ಹೋಗಬೇಕಾಗುತ್ತಿತ್ತು. ದೊಡ್ಡಪ್ಪನ ಮಕ್ಕಳ ಜೊತೆ ಹಿತ್ತಲಿನ ಗೋಡೆಯ ಬಗ್ಗೆ ಕೋರ್ಟಿನಲ್ಲಿ ತಕರಾರು ನಡೆಯುತ್ತಿತ್ತು. ಹೋಗುವಾಗ ಜನರಲ್ ಬೋಗಿ, ಬರುವಾಗಲೂ ಜನರಲ್ ಬೋಗಿ. ದುಡ್ಡು ಉಳಿಯುತ್ತಿತ್ತು, ಸೊಂಟ ಉಳಿಯುತ್ತಿರಲಿಲ್ಲ.

ಎರಡೂ ಉಳಿಯುವ ಉಪಾಯ ಹೊಳೆದದ್ದು ತೊಂಬತ್ತೇಳರ ಜೂನ್ ತಿಂಗಳಲ್ಲಿ, ಶಿವಾಜಿನಗರದ ಗುಜರಿ ಗಲ್ಲಿಯಲ್ಲಿ. ಅಲ್ಲಿ ಬಷೀರ್ ಎಂಬಾತನ ಅಂಗಡಿಯ ಮುಂದೆ ಮಿಲಿಟರಿಯ ಹಳೆಯ ಹೋಲ್ಡಾಲೊಂದು ನೇತಾಡುತ್ತಿತ್ತು. ಹಾಸಿಗೆ, ದಿಂಬು, ಹೊದಿಕೆ ಎಲ್ಲವನ್ನೂ ಒಳಗಿಟ್ಟು ಸುರುಳಿ ಸುತ್ತಿ ಬೆಲ್ಟು ಬಿಗಿಯುವ ದಪ್ಪ ಕ್ಯಾನ್ವಾಸಿನ ಸಾಮಾನು. ಬಿಚ್ಚಿದರೆ ಎಲ್ಲಿ ಬೇಕೋ ಅಲ್ಲಿ ಮಂಚ.

"ತಗೊಳ್ಳಿ ಸಾಬ್, ಮಿಲಿಟರಿ ಮಾಲು. ಹಿಮದಾಗೆ ಹಾಸಿ ಮಲಗಿರೋದು. ನಿಮ್ಗೆ ರೈಲಾಗೆ ಏನಾಗುತ್ತೆ?" ಎಂದ ಬಷೀರ್.

ಎಂಬತ್ತು ರೂಪಾಯಿ ಕೊಟ್ಟು ಹೆಗಲ ಮೇಲೆ ಹೊತ್ತುಕೊಂಡು ಬಂದೆ. ಮಾನಮ್ಮ ಅದನ್ನು ಮುಟ್ಟದೆ, ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಏನ್ರೀ, ಇದರ ಮ್ಯಾಲ ಯಾರದೋ ಹೆಸರ ಬರದದ."

ನಿಜ. ಬಿಳಿ ಬಣ್ಣದಲ್ಲಿ ಒಂದು ಉದ್ದನೆಯ ನಂಬರು, ಅದರ ಕೆಳಗೆ ಇಂಗ್ಲಿಷಿನಲ್ಲಿ ಪಿ. ಮುರಳಿ ಎಂದಿತ್ತು.

"ಇರಲಿ ಬಿಡು. ಹೆಸರು ಚುಚ್ಚೋದಿಲ್ಲ."

"ಮಂದಿ ಹಾಸಿಗ್ಯಾಗ ಮಲಗಬ್ಯಾಡ್ರಿ. ಅಂವ ಎಲ್ಲಿ ಅದಾನೋ, ಹ್ಯಾಂಗ ಅದಾನೋ."

ಹೆಂಗಸರಿಗೆ ಪ್ರಯಾಣದ ಶಾಸ್ತ್ರ ಅರ್ಥವಾಗುವುದಿಲ್ಲ ಎಂದುಕೊಂಡು ಅದನ್ನು ಮೂಲೆಗೆ ಒರಗಿಸಿಟ್ಟೆ. ಅವತ್ತು ಅವಳ ಮಾತು ಕೇಳಬೇಕಿತ್ತು ಎಂದು ಆಮೇಲೆ ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಜುಲೈನಲ್ಲಿ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋದೆ. ಗೋಡೌನಿನಿಂದ ನೇರವಾಗಿ ಹೋಗಿದ್ದರಿಂದ ಮೈಮೇಲೆ ಕೆಲಸದ ಖಾಕಿ ಅಂಗಿ ಹಾಗೇ ಇತ್ತು. ರೈಲು ಬಂತು. ಜನರಲ್ ಬೋಗಿಯ ಬಾಗಿಲಲ್ಲಿ ಎಂದಿನಂತೆ ಉಸಿರಾಡಲೂ ಜಾಗವಿಲ್ಲ. ನಾನು ಹೋಲ್ಡಾಲನ್ನು ಹೆಗಲಿಗೇರಿಸಿಕೊಂಡು ಅಲ್ಲಾ, ಶಿವ, ಯೇಸು, ಯಾರಾದರೂ ಒಳಗೆ ತಳ್ಳಲಿ ಎಂದು ನಿಂತಿದ್ದಾಗ ಬಾಗಿಲಿನಿಂದ ಒಬ್ಬ ಕೂಗಿದ:

"ಏಯ್, ಮಿಲಿಟರಿಯವ್ರು ಬರ್ತಾವ್ರೆ, ದಾರಿ ಬಿಡ್ರೋ!"

ಮಿಲಿಟರಿಯವರು ಎಲ್ಲಿದ್ದಾರೆ ಎಂದು ನಾನೂ ಹಿಂದೆ ತಿರುಗಿ ನೋಡಿದೆ. ಅಷ್ಟರಲ್ಲಿ ನಾಲ್ಕು ಕೈಗಳು ನನ್ನನ್ನೇ ಎತ್ತಿ ಒಳಗೆಳೆದುಕೊಂಡವು. ಕಿಟಕಿಯ ಪಕ್ಕ ಕೂತಿದ್ದವನು ಎದ್ದು ಜಾಗ ಬಿಟ್ಟ. ಮೇಲಿನ ಹಲಗೆಯ ಮೇಲಿದ್ದ ಮೂಟೆಗಳನ್ನು ಇಳಿಸಿ, "ಹಾಸ್ಕೊಂಡು ಮಲಕ್ಕೊಳಿ ಸಾರ್, ನೀವು ನಿದ್ದೆಗೆಟ್ರೇನೇ ನಾವು ನಿದ್ದೆ ಮಾಡೋದು" ಎಂದು ಒಬ್ಬರು ಕೈಮುಗಿದರು.

"ಯಾವ ಕಡೆ ಡ್ಯೂಟಿ ಸಾರ್?" ಎಂದು ಇನ್ನೊಬ್ಬರು ಕೇಳಿದರು.

"ಕೆ.ಆರ್. ಪುರಂ. ಗೋಡೌನು."

"ಮದ್ದುಗುಂಡಿನ ಗೋಡೌನು!" ಎಂದು ಅವರು ಪಕ್ಕದವರಿಗೆ ಪಿಸುಗುಟ್ಟಿದರು. ನಮ್ಮ ಗೋಡೌನಿನಲ್ಲಿ ಇದ್ದದ್ದು ಫಿನಾಯಿಲ್ ಡಬ್ಬ. ಆದರೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇದನ್ನು ಎಲ್ಲರೂ ಗಮನಿಸಬೇಕು: ನಾನು ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ. ಅಲ್ಲ ಅನ್ನಲಿಲ್ಲ, ಅಷ್ಟೆ. ಗುಂಟಕಲ್ಲಿನಲ್ಲಿ ಯಾರೋ ಎಬ್ಬಿಸಿ ಚಹಾ ಕೊಡಿಸಿದರು. ರಾಯಚೂರು ದಾಟುವವರೆಗೂ ನಾನು ಬೆನ್ನು ಚಾಚಿ ಮಲಗಿದ್ದೆ.

ನನ್ನ ಗ್ರಹಚಾರಕ್ಕೆ, ನಾನು ರೈಲು ಹತ್ತಿದ ಹೊತ್ತಿಗೇ ನಮ್ಮ ಬೀದಿಯ ಸಂಘದ ಅಧ್ಯಕ್ಷ ಅಂಜನಮೂರ್ತಿಯವರು ಬೀಗರನ್ನು ರೈಲು ಹತ್ತಿಸಲು ಪ್ಲಾಟ್‌ಫಾರ್ಮಿಗೆ ಬಂದಿದ್ದರು. ಜನ ನನ್ನನ್ನು ಎತ್ತಿ ಒಳಗೆ ಕರೆದುಕೊಂಡದ್ದನ್ನು ಕಣ್ಣಾರೆ ಕಂಡರು. ನಾಲ್ಕನೆಯ ದಿನ ನಾನು ಹಿಂತಿರುಗುವಷ್ಟರಲ್ಲಿ ವಠಾರದ ಒಡತಿ ಗೋವಿಂದಮ್ಮನವರು ನಲ್ಲಿಯ ಹತ್ತಿರವೇ ಕಾಯುತ್ತಿದ್ದರು.

"ಏನ್ರೀ ಲಕ್ಷ್ಮಿಕಾಂತ, ಮಿಲಿಟರಿಯವ್ರು ಅಂತ ಒಂದ್ಮಾತು ಹೇಳೋದಲ್ವಾ? ನಾನು ಮೊನ್ನೆ ನೀರಿಗೋಸ್ಕರ ನಿಮ್ಮನೆಯವರ ಮೇಲೆ ಕೂಗಾಡ್ಬಿಟ್ಟೆ."

"ಆದ್ರೆ ಹಾಸ್ಗೆ ಮೇಲೆ ಮುರಳಿ ಅಂತ ಇತ್ತಲ್ಲ?" ಎಂದು ಪಕ್ಕದಲ್ಲೇ ನಿಂತಿದ್ದ ಅಂಜನಮೂರ್ತಿಯವರು ಅನುಮಾನ ತೆಗೆದರು.

ಗೋವಿಂದಮ್ಮನವರು ಅವರನ್ನು ಕನಿಕರದಿಂದ ನೋಡಿದರು. "ಮಿಲಿಟರೀಲಿ ಅಸಲಿ ಹೆಸ್ರು ಬರ್ಕೊಂಡು ಓಡಾಡ್ತಾರೇನ್ರೀ? ಶತ್ರುಗಳಿಗೆ ಗೊತ್ತಾಗ್ಬಿಡಲ್ವಾ?"

ಇಬ್ಬರೂ ನನ್ನ ಮುಖ ನೋಡಿದರು. ಬಾಯಿ ತೆರೆದೆ. ಆ ಕ್ಷಣದಲ್ಲೇ ಗೋವಿಂದಮ್ಮನವರು, "ಇವತ್ತಿಂದ ನಿಮ್ಮನೆಗೆ ಎರಡು ಕೊಡ ಜಾಸ್ತಿ ನೀರು" ಎಂದರು. ಬಾಯಿ ಮುಚ್ಚಿಕೊಂಡೆ.

ನೀರು ಬಂದ ದಾರಿಯಲ್ಲೇ ಸಂಕಟವೂ ಬಂತು. ಹಲಸೂರಿನಲ್ಲಿ ಮಿಲಿಟರಿಯವನೆಂದರೆ ಕ್ಯಾಂಟೀನು, ಕ್ಯಾಂಟೀನೆಂದರೆ ಅಗ್ಗದ ಸಾಮಾನು. ಅಂಜನಮೂರ್ತಿಯವರು ಮೊದಲು ಒಂದು ಕುಕ್ಕರ್ ಕೇಳಿದರು, ಆಮೇಲೆ ಇಸ್ತ್ರಿ ಪೆಟ್ಟಿಗೆ, ಆಮೇಲೆ ಧ್ವನಿ ತಗ್ಗಿಸಿ ಒಂದು ಬಾಟಲಿ ರಮ್ಮು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಶಿವಾಜಿನಗರದ ಪಾತ್ರೆ ಅಂಗಡಿಯಲ್ಲಿ ಪೂರಾ ಬೆಲೆಗೆ ಕುಕ್ಕರ್ ಕೊಂಡು, ಅದರ ಬೆಲೆಯ ಚೀಟಿ ಹರಿದು, ಅರ್ಧ ಬೆಲೆಗೆ ಅವರಿಗೆ ಕೊಟ್ಟೆ.

"ರೈಲಿನ್ಯಾಗ ಉಳಿಸಿದ್ದು ಕುಕ್ಕರಿನ್ಯಾಗ ಸೀಟಿ ಹೊಡದ್ಹೋತು ನೋಡ್ರಿ" ಎಂದಳು ಮಾನಮ್ಮ.

ಅದು ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷ. ಬೀದಿ ಬೀದಿಯಲ್ಲೂ ಬಾವುಟ. ಒಂದು ಸಂಜೆ ಕೆಲಸದಿಂದ ಬರುವಾಗ ನೋಡುತ್ತೇನೆ, ಗೋಡೆಗೆಲ್ಲ ಹಳದಿ ಕರಪತ್ರ. 'ಧ್ವಜಾರೋಹಣ: ವೀರಯೋಧ ಪಿ. ಮುರಳಿ ಉರುಫ್ ಲಕ್ಷ್ಮಿಕಾಂತ.' ಒಂದನ್ನು ಕಿತ್ತುಕೊಂಡು ಅಂಜನಮೂರ್ತಿಯವರ ಮನೆಗೆ ಓಡಿದೆ.

"ನನಗೆ ಇದೆಲ್ಲ ಬೇಡ ಸಾರ್. ನಾನು ಅಂಥವನಲ್ಲ."

"ನೋಡಿ, ನೋಡಿ ವಿನಯ! ಐನೂರು ಕಾಪಿ ಹೊಡೆಸಿದೀವಿ, ಸುಮ್ನೆ ಬನ್ರೀ" ಎಂದು ಬೆನ್ನು ತಟ್ಟಿ ಕಳುಹಿಸಿದರು.

ಆಗಸ್ಟ್ ಹದಿನೈದರ ಬೆಳಿಗ್ಗೆ ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಹೋಗಿ ನಿಂತೆ. ಹಗ್ಗ ಎಳೆದೆ. ಗಂಟು ಬಿಚ್ಚಲಿಲ್ಲ. ಇನ್ನೊಮ್ಮೆ ಜಗ್ಗಿದೆ. ಬಾವುಟ ಬಿಚ್ಚಿಕೊಂಡು ಹೂವು ಉದುರಿತು, ಆದರೆ ಹಗ್ಗ ನನ್ನ ಬಲಗೈಗೆ ಸುತ್ತಿಕೊಂಡುಬಿಟ್ಟಿತು. ಎಲ್ಲರೂ ಸೆಲ್ಯೂಟಿಗಾಗಿ ಕಾಯುತ್ತಿದ್ದರು. ಬೇರೆ ದಾರಿಯಿಲ್ಲದೆ ಎಡಗೈಯಲ್ಲೇ ಹೊಡೆದೆ.

"ಇದು ಸ್ಪೆಷಲ್ ಟ್ರೂಪಿನವರ ಸೆಲ್ಯೂಟು ಇರ್ಬೇಕು" ಎಂದರು ಅಂಜನಮೂರ್ತಿ. ಮಕ್ಕಳೆಲ್ಲ ಎಡಗೈ ಎತ್ತಿದವು.

ಜನಗಣಮನ ಮುಗಿದಿತ್ತೋ ಇಲ್ಲವೋ, ಗುಂಪಿನ ಹಿಂದಿನಿಂದ ಒಂದು ಹೆಂಗಸಿನ ಕೂಗು ಕೇಳಿಸಿತು. "ಮುರಳೀ!"

ಅರವತ್ತರ ಹತ್ತಿರದ ಒಬ್ಬ ಹೆಂಗಸು ಜನರನ್ನು ತಳ್ಳಿಕೊಂಡು, ಸೆರಗು ಜಾರಿದ್ದನ್ನೂ ನೋಡದೆ ಓಡಿಬಂದರು. ನನ್ನ ಮುಂದೆ ಬಂದು, ನನ್ನ ಮುಖ ನೋಡಿ ನಿಂತುಬಿಟ್ಟರು. ಹಿಂದೆಯೇ ಒಬ್ಬ ಹುಡುಗಿ ಏದುಸಿರು ಬಿಡುತ್ತ ಬಂದಳು.

"ಇವ್ನಲ್ಲ ಕಣೇ" ಎಂದರು ಆಯಮ್ಮ. ಅಷ್ಟು ಮೆಲ್ಲಗೆ ಹೇಳಿದ ಮಾತು ಇಡೀ ಬೀದಿಗೆ ಕೇಳಿಸಿತು.

ಹುಡುಗಿಯ ಹೆಸರು ಧನುಶ್ರೀ. ಇಂದಿರಾನಗರದಲ್ಲಿ ಹೊಲಿಗೆ ಕೆಲಸಕ್ಕೆ ಬರುತ್ತಿದ್ದವಳು ದಾರಿಯಲ್ಲಿ ಕರಪತ್ರ ನೋಡಿದ್ದಳು. ಅವಳ ತಾಯಿ ಅಂಜಿನಮ್ಮ, ಕೆ.ಆರ್. ಪುರಂ ಸಂತೆಯಲ್ಲಿ ಸೊಪ್ಪು ಮಾರುವವರು. ಅವರ ಒಬ್ಬನೇ ಮಗ ಮುರಳಿ ಮಿಲಿಟರಿ ಸೇರಿದ್ದ. ರಜಕ್ಕೆ ಬಂದಾಗ ಅಪ್ಪನ ಜೊತೆ ಜಗಳವಾಡಿ, ಇನ್ನು ಈ ಹೊಸಿಲು ತುಳಿಯೋದಿಲ್ಲ ಎಂದು ಹೋದವನು ಎಂಟು ವರ್ಷದಿಂದ ಬಂದಿರಲಿಲ್ಲ. ಅಪ್ಪ ತೀರಿಕೊಂಡದ್ದೂ ಅವನಿಗೆ ಗೊತ್ತಿಲ್ಲ. ಹುಡುಕಿಸಿ ಕೇಳಿದರೆ, ಕೆಲಸ ಬಿಟ್ಟು ಹೋಗಿದ್ದಾನೆ, ಎಲ್ಲಿಗೋ ಗೊತ್ತಿಲ್ಲ ಎಂಬ ಉತ್ತರ ಬಂದಿತ್ತು.

ಗೋವಿಂದಮ್ಮನವರು ಯಾರೂ ಹೇಳದಿದ್ದರೂ ಓಡಿಹೋಗಿ ನಮ್ಮ ಮನೆಯಿಂದ ಹೋಲ್ಡಾಲನ್ನು ಎಳೆದುಕೊಂಡು ಬಂದರು. ಧನುಶ್ರೀ ಬಗ್ಗಿ ನಂಬರು ಓದಿದಳು.

"ಅಮ್ಮಾ, ಅಣ್ಣಂದೇ. ಕಾಗದದ ಮೇಲೆ ಈ ನಂಬರು ಬರೆದು ಬರೆದು ನಂಗೆ ಬಾಯಿಪಾಠ ಆಗಿದೆ."

ಅಂಜಿನಮ್ಮ ಹೋಲ್ಡಾಲಿನ ಮೇಲೆ ಕೈಯಿಟ್ಟರು. ಮಗುವಿನ ಜ್ವರ ನೋಡುವಂತೆ ಇಟ್ಟರು. "ಇದು ನಿಮ್ಗೆ ಹೇಗೆ ಬಂತು ಸಾರ್?"

ಬಷೀರ್, ಗುಜರಿ, ಎಂಬತ್ತು ರೂಪಾಯಿ. ಮೂರೇ ಮಾತು. ಹೇಳಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಸುತ್ತ ಇನ್ನೂರು ಜನ ನಿಂತಿದ್ದರು, ಕೊರಳಲ್ಲಿ ಅವರು ಹಾಕಿದ ಹಾರವಿತ್ತು. ನನಗಿಂತ ಮೊದಲು ಅಂಜನಮೂರ್ತಿಯವರೇ ಬಾಯಿ ಹಾಕಿದರು. "ಜೊತೇಲಿ ಡ್ಯೂಟಿ ಮಾಡೋರು, ಹಾಸ್ಗೆ ಅದಲುಬದಲು ಆಗಿರುತ್ತೆ. ಅಲ್ವಾ ಸಾರ್?"

"ಅಯ್ಯೋ, ಇವ್ರು ಅವ್ರ ಹೆಸ್ರಲ್ಲಿ, ಅವ್ರು ಇವ್ರ ಹೆಸ್ರಲ್ಲಿ ಓಡಾಡ್ತಾವ್ರೆ ಕಣ್ರೀ! ಎಂಥ ಪ್ಲಾನು!" ಎಂದರು ಗೋವಿಂದಮ್ಮ.

ಅಂಜಿನಮ್ಮ ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. "ಚೆನ್ನಾಗಿದಾನಾ ಸಾರ್?" ಎಂದರು.

"ಚೆನ್ನಾಗಿದಾನೆ" ಎಂದೆ.

ಇಷ್ಟು ದಿನ ಸುಳ್ಳೇ ಹೇಳದೆ ಕಾಲ ತಳ್ಳಿದ್ದ ನಾನು ಬಾಯಿ ಬಿಟ್ಟು ಹೇಳಿದ ಮೊದಲ ಸುಳ್ಳು ಅದು.

"ಎಲ್ಲಿದಾನೆ?"

"ಅದನ್ನ ಹೇಳೋ ಹಾಗಿಲ್ಲಮ್ಮ."

"ನಂಗೆ ಆಗ್ಲೇ ಅನ್ನಿಸ್ತು. ಕೆಲ್ಸ ಬಿಟ್ಟ ಅಂತ ಹೇಳಿದ್ದೂ ಗುಟ್ಟಿಗೇನೇ ಇರ್ಬೇಕು. ದೀಪಾವಳಿಗಾದ್ರೂ ಬರ್ತಾನಾ? ಇವ್ಳಿಗೆ ಗಂಡು ಗೊತ್ತಾಗಿದೆ. ಅಪ್ಪ ಇಲ್ಲ. ಅಣ್ಣನೇ ಧಾರೆ ಎರೀಬೇಕು."

"ಬರಬಹುದು..." ಎಂದು ನಾನು ತಡವರಿಸಿದೆ.

"ಬರ್ತಾನಂತೆ!" ಎಂದು ಗೋವಿಂದಮ್ಮ ಬೀದಿಗೆಲ್ಲ ಸಾರಿದರು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಪ್ರತಿ ಎರಡನೇ ಭಾನುವಾರ ಅಂಜಿನಮ್ಮ ಬರತೊಡಗಿದರು. ನಿಪ್ಪಟ್ಟಿನ ಡಬ್ಬ, ಹುಳಿಪುಡಿ, ಒಮ್ಮೆ ಕೊಬ್ಬರಿ ಮಿಠಾಯಿ. "ಅವನಿಗೆ ಮುಟ್ಟಿಸಿ ಅಪ್ಪಾ. ಕಷ್ಟ ಆದ್ರೆ ನೀವೇ ಅರ್ಧ ತಿನ್ನಿ." ಮಾನಮ್ಮ ಡಬ್ಬಗಳನ್ನು ಗೋಡೆಯ ಮಾಡದಲ್ಲಿ ಸಾಲಾಗಿ ಇಡುತ್ತಿದ್ದಳು. ತಾನೂ ತಿನ್ನಲಿಲ್ಲ, ನನಗೂ ಕೊಡಲಿಲ್ಲ. ಹುಡುಗನ ಕಡೆಯವರು ಶ್ರಾವಣದಲ್ಲೇ ಮದುವೆ ಮುಗಿಸೋಣ ಎಂದಿದ್ದರಂತೆ. ಅಂಜಿನಮ್ಮ, ಮಗ ಬರುತ್ತಾನೆ, ಮಿಲಿಟರಿಯವರೇ ಹೇಳಿದ್ದಾರೆ ಎಂದು ಮುಂದಕ್ಕೆ ಹಾಕಿದ್ದರು. ಮಿಲಿಟರಿಯವರು ಎಂದರೆ ನಾನು.

ಬಷೀರನ ಹತ್ತಿರ ಓಡಿದೆ. ಆ ಹೋಲ್ಡಾಲನ್ನು ಮಾರಿದವರು ಯಾರು ಎಂದು ಅಂಗಲಾಚಿ ಕೇಳಿದೆ.

"ಮೂಟೆ ಲೆಕ್ಕದಾಗೆ ಬರುತ್ತೆ ಸಾಬ್, ನಾಲ್ಕು ಕೈ ದಾಟಿ ಬರುತ್ತೆ. ಯಾರ್ದು ಅಂತ ಹೇಳ್ಲಿ?" ಎಂದವನು ನನ್ನ ಮುಖ ನೋಡಿ ಸಮಾಧಾನಕ್ಕೆ ಸೇರಿಸಿದ: "ಆ ಹೆಸ್ರು ಪಸಂದಾಗಿಲ್ವಾ? ಒಳಗೆ ಮೇಜರ್ದು ಒಂದಿದೆ. ನೂರಿಪ್ಪತ್ತು ಕೊಡಿ."

ದೀಪಾವಳಿ ಬಂತು, ಹೋಯಿತು. ಮುರಳಿ ಬರಲಿಲ್ಲ. ಕಾರ್ತೀಕ ಮುಗಿಯುವುದರೊಳಗೆ ದಿನ ಗೊತ್ತು ಮಾಡದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಹುಡುಗನ ಮನೆಯವರು ಹೇಳಿ ಕಳುಹಿಸಿದರು. ಸುದ್ದಿ ಕೇಳಿದ ದಿನ ಮಾನಮ್ಮ ಒಲೆ ಹಚ್ಚಲಿಲ್ಲ.

"ಆ ಹುಡುಗಿ ಲಗ್ನ ಮುರದ್ರ ಆ ಪಾಪ ನಿಮ್ಮ ತಲಿ ಮ್ಯಾಲ. ಈಗಿಂದೀಗ ಎದ್ದು ಹೋಗಿ ಇದ್ದದ್ದು ಇದ್ದಂಗ ಹೇಳ್ರಿ. ಹೇಳದೆ ಮನಿಗೆ ಬರಬ್ಯಾಡ್ರಿ."

ಹೋಲ್ಡಾಲು, ಡಬ್ಬಗಳು ಎಲ್ಲವನ್ನೂ ಹೊತ್ತುಕೊಂಡು ಕೆ.ಆರ್. ಪುರಂ ಬಸ್ಸು ಹತ್ತಿದೆ. ಕಂಡಕ್ಟರ್ ಲಗೇಜಿಗೆ ಬೇರೆ ಟಿಕೆಟ್ ಕೇಳಿದ. ಮರುಮಾತಿಲ್ಲದೆ ಕೊಟ್ಟೆ.

ಅಂಜಿನಮ್ಮ ಮನೆಯೊಳಗೆ ಮಗಳ ಜೊತೆ ಪಾಲಕ್ ಸೊಪ್ಪಿನ ಕಂತೆ ಕಟ್ಟುತ್ತ ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ: "ಅಮ್ಮಾ, ನಾನು ಮಿಲಿಟರಿಯವನಲ್ಲ. ಫಿನಾಯಿಲ್ ಗೋಡೌನಿನಲ್ಲಿ ಸ್ಟೋರ್‌ಕೀಪರು. ಇದನ್ನು ಗುಜರಿಯಲ್ಲಿ ಕೊಂಡೆ. ನಿಮ್ಮ ಮಗನ್ನ ನಾನು ನೋಡೇ ಇಲ್ಲ."

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಹೂಂ, ಈಗ ಹೇಳಿ. ಯಾರೂ ಇಲ್ಲ."

"ಅದನ್ನೇ ಹೇಳಿದೆನಲ್ಲಮ್ಮ! ನಾನು ಮಿಲಿಟರಿಯವನೇ ಅಲ್ಲ."

"ಗೊತ್ತಾಯ್ತು ಬಿಡಿ ಅಪ್ಪಾ. ಮೇಲಿನವರು ಬೈದ್ರಾ? ನಮ್ಮತ್ರ ಬಾಯಿ ಬಿಟ್ರಿ ಅಂತ?"

"ಸೋಮೇಶ್ವರನ ಆಣೆ, ನಾನು ಹೇಳಿದ್ದೆಲ್ಲ ಸುಳ್ಳು!"

"ಆಣೆ ಬೇರೆ ಹಾಕಿಸ್ತಾರಾ?" ಎಂದು ಅಂಜಿನಮ್ಮ ನನ್ನನ್ನು ಮರುಕದಿಂದ ನೋಡಿದರು. "ಎಷ್ಟು ಕಷ್ಟದ ಕೆಲ್ಸ ಅಪ್ಪಾ ನಿಮ್ದು."

ನನಗೆ ಅಳು ಬಂದುಬಿಟ್ಟಿತು. ನಲವತ್ತು ವರ್ಷದ ಗಂಡಸು, ಸೊಪ್ಪಿನ ರಾಶಿಯ ನಡುವೆ ಕೂತು ಅತ್ತೆ. ಅವರು ಸೆರಗಿನಿಂದ ನನ್ನ ಕಣ್ಣೊರೆಸಿ ಮಗಳಿಗೆ ಹೇಳಿದರು, "ನೋಡೇ, ನಿಮ್ಮಣ್ಣನ್ನ ನೆನೆಸ್ಕೊಂಡು ಹೇಗೆ ಅಳ್ತಾವ್ರೆ. ಎಂಥ ಸ್ನೇಹಿತನ್ನ ಸಂಪಾದಿಸ್ಕೊಂಡವ್ನೆ ನನ್ಮಗ."

ಧನುಶ್ರೀ ಕೈಕಾಲು ತೊಳೆಯಲು ನೀರು ಕೊಡುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಕರೆದಳು.

"ನೀವು ಹೇಳಿದ್ದು ನಿಜ ಅಂತ ನಂಗೊತ್ತು ಸಾರ್. ಅವತ್ತು ಎಡಗೈಯಲ್ಲಿ ಸೆಲ್ಯೂಟ್ ಹೊಡೆದ್ರಲ್ಲ, ಆಗ್ಲೇ ಗೊತ್ತಾಯ್ತು."

"ಮತ್ತೆ ಯಾಕಮ್ಮ ಸುಮ್ನಿದ್ದೆ? ನಿನ್ನ ಮದ್ವೇನೇ ನಿಂತೋಗೋ ಹಾಗಾಗಿದೆಯಲ್ಲ!"

"ಎಂಟು ವರ್ಷ ಆದ್ಮೇಲೆ ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಎರಡನೇ ಸಲ ಅನ್ನ ಹಾಕಿಸ್ಕೊಂಡ್ಲು" ಎಂದಳು. ತಂಬಿಗೆಯನ್ನು ನನ್ನ ಕೈಗಿಟ್ಟು ಹೇಳಿದಳು, "ಸಾರ್, ನಿಜ ಹೇಳೋದು ಆಯ್ತಲ್ಲ. ಅಮ್ಮ ನಂಬಲ್ಲ. ಈಗ ನಂಗೋಸ್ಕರ ಇನ್ನೊಂದು ಹೇಳಿ. ಮದುವೆ ಮುಗಿಸಿ ಅಂತ ಅಣ್ಣ ಹೇಳಿ ಕಳಿಸಿದಾನೆ, ತನ್ನ ಜಾಗದಲ್ಲಿ ನಿಂತು ನೀವೇ ಧಾರೆ ಎರೀಬೇಕು ಅಂದಿದಾನೆ ಅಂತ."

ಒಂದು ಸುಳ್ಳನ್ನು ಇಳಿಸಿ ಹೋಗಲು ಬಂದವನು ಇನ್ನೊಂದನ್ನು ಹೊತ್ತುಕೊಂಡು ಒಳಗೆ ಹೋದೆ. ಸತ್ಯವನ್ನು ಮೂರು ಸಲ ಹೇಳಿದರೂ ಒಪ್ಪದ ಅಂಜಿನಮ್ಮ ಇದನ್ನು ನಾನು ಪೂರ್ತಿ ಹೇಳುವ ಮೊದಲೇ ಒಪ್ಪಿಕೊಂಡು, ದೇವರ ಮುಂದೆ ದೀಪ ಹಚ್ಚಿದರು.

ಮಾರ್ಗಶಿರದಲ್ಲಿ ಮದುವೆಯಾಯಿತು. ಕೆ.ಆರ್. ಪುರಂನ ಒಂದು ಸಣ್ಣ ಛತ್ರದಲ್ಲಿ ನಾನೂ ಮಾನಮ್ಮನೂ ಅಣ್ಣ ಅತ್ತಿಗೆಯ ಜಾಗದಲ್ಲಿ ಕೂತು ಧಾರೆ ಎರೆದೆವು. ನಾನು ಎರೆದ ನೀರು ಪಕ್ಕಕ್ಕೆ ಚೆಲ್ಲಿತು. ಮಾನಮ್ಮ ತಂಬಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಈಗರ ನೆಟ್ಟಗ ಹಿಡೀರಿ" ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ಅಂಜನಮೂರ್ತಿ, ಗೋವಿಂದಮ್ಮ, ಬೀದಿಯ ಅರ್ಧ ಜನ ಉಡುಗೊರೆ ಹಿಡಿದುಕೊಂಡು ಬಂದಿದ್ದರು. ಆಮೇಲೊಂದು ದಿನ ವಠಾರದಲ್ಲಿ ಎಲ್ಲರನ್ನೂ ಕೂರಿಸಿ ನಿಜ ಹೇಳಿದೆ. ಯಾರೂ ನಂಬಲಿಲ್ಲ. ಅಂಜನಮೂರ್ತಿಯವರು ಮಾತ್ರ ನಂಬಿದ ಹಾಗೆ ಕಂಡಿತು, ಯಾಕೆಂದರೆ ಅವರ ಮುಖ ಬಾಡಿತು. ಮಿಕ್ಸಿ ಬೇಕಿತ್ತು ಎಂದು ಆಮೇಲೆ ತಿಳಿಯಿತು.

ಹೋಲ್ಡಾಲು ಅಂಜಿನಮ್ಮನವರ ಮನೆಯಲ್ಲೇ ಉಳಿಯಿತು. ಊರಿಗೆ ಹೋಗುವಾಗ ನಾನೀಗ ಪೂರಾ ದುಡ್ಡು ಕೊಟ್ಟು ಬರ್ತು ಕಾದಿರಿಸುತ್ತೇನೆ. ಮೆತ್ತಗೆ ಇರುತ್ತದೆ. ನಿದ್ದೆ ಬರುವುದಿಲ್ಲ.

ಮದುವೆಯ ಊಟ ಮುಗಿದ ಮೇಲೆ ಅಂಜಿನಮ್ಮ ನನ್ನನ್ನು ಪಕ್ಕಕ್ಕೆ ಕರೆದು ಒಂದು ಪೊಟ್ಟಣ ಕೊಟ್ಟಿದ್ದರು. ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ತಂದ ಅಂಗಿ, ತಿಳಿ ನೀಲಿ ಬಣ್ಣದ್ದು.

"ತಂಗಿ ಮದ್ವೇಗೆ ಅವನಿಗೊಂದು ಹೊಸ ಬಟ್ಟೆ ಇಲ್ದೇ ಹೇಗೆ? ಹೋದಾಗ ಕಡ್ಡಿ ಹಂಗಿದ್ದ. ಈಗ ನಿಮ್ಮಷ್ಟು ಆಗಿರ್ಬೋದು ಅಂತ ನಿಮ್ಮನ್ನ ನೆನೆಸ್ಕೊಂಡೇ ಅಳತೆ ಹೇಳ್ದೆ. ಮುಟ್ಟಿಸಿ ಅಪ್ಪಾ."

ಅದು ನಮ್ಮ ಟ್ರಂಕಿನಲ್ಲಿ, ಮಡಿಕೆ ಬಿಚ್ಚದೆ ಹಾಗೇ ಇದೆ. ವರ್ಷಕ್ಕೊಮ್ಮೆ ಮಾನಮ್ಮ ಅದನ್ನು ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿಟ್ಟು ಮತ್ತೆ ಒಳಗಿಡುತ್ತಾಳೆ. ಪ್ರತಿ ದೀಪಾವಳಿಗೂ ಅಂಜಿನಮ್ಮನವರನ್ನು ನೋಡಲು ಹೋಗುತ್ತೇವೆ. ಎಲೆ ಹಾಕಿ, ಎದುರಿಗೆ ಕೂತು, ಒಬ್ಬಟ್ಟಿಗೆ ತುಪ್ಪ ಹಾಕುತ್ತ ಅವರು ಕೇಳುತ್ತಾರೆ:

"ಅಂಗಿ ಅವನಿಗೆ ಸರಿಯಾಯ್ತಂತಾ ಅಪ್ಪಾ?"

"ಸರಿಯಾಯ್ತಮ್ಮ" ಎನ್ನುತ್ತೇನೆ. "ತೋಳು ಒಂಚೂರು ಉದ್ದ ಆಯ್ತಂತೆ."

"ಹೌದಾ?" ಎಂದು ಅವರು ಸ್ವಲ್ಪ ಯೋಚಿಸಿ ಹೇಳುತ್ತಾರೆ, "ಹಾಗಾದ್ರೆ ಇಳಿದ್ಹೋಗವ್ನೆ. ಸರಿಯಾಗಿ ಊಟ ಮಾಡು ಅಂತ ಹೇಳಿ."